ಹೆಲ್ತ್ ಕ್ಲಾಸ್ ಯಾವ ವರ್ಷ ತೆಗೆದುಕೊಳ್ಳಲಿ?

ಫೆಬ್ರವರಿ ಬಂತೆಂದರೆ ನನ್ನ ಕೋಣೆಯ ಮುಂದೆ ಸಾಲು. ಮಕ್ಕಳು ಮುಂದಿನ ವರ್ಷದ ವಿಷಯ ಆರಿಸುವ ಕಾಲ ಅದು. ನಾನು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹೈಸ್ಕೂಲ್ ಕೌನ್ಸೆಲರ್. ನಮ್ಮ ಕಡೆಯ ಅಪ್ಪ ಅಮ್ಮಂದಿರು ಬಂದರೆ ಮಾತು ಕನ್ನಡದಲ್ಲೇ ಶುರುವಾಗುತ್ತದೆ. ಗಣಿತ, ಕೆಮಿಸ್ಟ್ರಿ, ಎ.ಪಿ. (ಕಾಲೇಜು ಮಟ್ಟದ ಪಾಠಗಳು) ಎಲ್ಲ ಮುಗಿದ ಮೇಲೆ, ಎದ್ದು ಹೊರಡುವ ಹೊತ್ತಿಗೆ ಒಂದು ಪ್ರಶ್ನೆ ಬರುತ್ತದೆ: "ಈ ಹೆಲ್ತ್ ಕ್ಲಾಸ್ ಅಂತ ಒಂದಿದೆಯಲ್ಲ, ಅದನ್ನ ಬೇಸಿಗೆ ರಜೆಯಲ್ಲಿ ಆನ್‌ಲೈನ್ ಮುಗಿಸಿಬಿಟ್ಟರೆ ಆಗಲ್ವಾ?"

ಮಾದಕ ವಸ್ತು, ಮನಸ್ಸಿನ ಆರೋಗ್ಯ, ಲೈಂಗಿಕ ಶಿಕ್ಷಣ ಇಂಥವನ್ನು ಕಲಿಸುವ ತರಗತಿ ಅದು. ಆನ್‌ಲೈನ್ ಮುಗಿಸುವುದು ಕೆಲವು ಕಡೆ ಆಗುತ್ತದೆ. ಆದರೂ ನಾನು ಬೇರೆ ಮಾತು ಹೇಳುತ್ತೇನೆ. ಒಂಬತ್ತನೇ ತರಗತಿಯಲ್ಲಿ, ಸಾಧ್ಯವಾದರೆ ಎರಡನೇ ಸೆಮಿಸ್ಟರ್‌ನಲ್ಲಿ, ಉಳಿದ ಮಕ್ಕಳ ಜೊತೆ ಕೂತು ಕಲಿಯಲಿ.

ಮೊದಲು ನಿಯಮ. ಹೆಲ್ತ್ ಕ್ಲಾಸ್ ಕಡ್ಡಾಯ ಅಂತ ಇಡೀ ಕ್ಯಾಲಿಫೋರ್ನಿಯಾಗೆ ಒಂದೇ ಕಾನೂನಿಲ್ಲ. ಅದನ್ನು ತೀರ್ಮಾನಿಸುವುದು ಆಯಾ ಶಾಲಾ ಜಿಲ್ಲೆ. ಕಡ್ಡಾಯ ಇರುವ ಕಡೆ ಸಾಮಾನ್ಯವಾಗಿ ಒಂದು ಸೆಮಿಸ್ಟರ್, ಅಂದರೆ ಅರ್ಧ ವರ್ಷದ ಪಾಠ. ಬೇರೆ ರಾಜ್ಯದ ಕಥೆ ಬೇರೆ. ನ್ಯೂಜೆರ್ಸಿಯಲ್ಲಿ ವ್ಯಾಯಾಮ ಮತ್ತು ಹೆಲ್ತ್ ಪ್ರತಿ ವರ್ಷವೂ ಇರುತ್ತದೆ, ಹಾಗಾಗಿ ಅಲ್ಲಿಯವರಿಗೆ ಈ ತಲೆನೋವೇ ಇಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಹೆಲ್ತ್‌ಗೆ ಅರ್ಧ ಕ್ರೆಡಿಟ್, ಅಂದರೆ ಸುಮಾರು ಒಂದು ಸೆಮಿಸ್ಟರಿನ ಪಾಠ ಬೇಕು. ಸಿಯಾಟಲ್‌ನಲ್ಲಿರುವ ನಿಮ್ಮ ಅಣ್ಣನ ಮಗಳು ಏನು ಮಾಡಿದಳು ಅನ್ನುವುದು ನಿಮ್ಮ ಮಗನಿಗೆ ಹೊಂದದೇ ಇರಬಹುದು.

ಒಂಬತ್ತನೇ ತರಗತಿಯೇ ಯಾಕೆ? ಮಕ್ಕಳ ವಯಸ್ಸು ನೋಡಿ. ಹದಿನಾಲ್ಕು, ಹದಿನೈದು. ಇಲ್ಲಿ ಹದಿನೈದೂವರೆಗೆ ಡ್ರೈವಿಂಗ್ ಪರ್ಮಿಟ್ ಸಿಗುತ್ತದೆ, ಹದಿನಾರಕ್ಕೆ ಲೈಸೆನ್ಸ್. ಕೈಗೆ ಕಾರಿನ ಕೀ ಬಂದ ಮೇಲೆ ಮಗು ಎಲ್ಲಿಗೆ ಹೋಗುತ್ತದೆ, ಯಾರ ಮನೆಯಲ್ಲಿ ಏನಿರುತ್ತದೆ ಅನ್ನುವುದು ನಮ್ಮ ಕಣ್ಣಳತೆ ಮೀರಿದ್ದು. ನಕಲಿ ಮಾತ್ರೆಯಲ್ಲಿ ಫೆಂಟನಿಲ್ ಎಂಬ ಪ್ರಾಣ ತೆಗೆಯುವ ಮಾದಕ ವಸ್ತು ಇರಬಹುದು ಅನ್ನುವ ಪಾಠ ಅದಕ್ಕೆ ಮೊದಲು ಆಗಬೇಕು ಅಲ್ವಾ? ಹೆಲ್ತ್ ಕಡ್ಡಾಯವಿರುವ ಜಿಲ್ಲೆಗಳು 2026-27ರಿಂದ ಈ ಪಾಠವನ್ನು ಸೇರಿಸಲೇಬೇಕು ಅಂತ ಕಾನೂನೂ ಬಂದಿದೆ. ಇನ್ನು ಮನಸ್ಸಿನ ಆರೋಗ್ಯ. ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು ಹದಿನೆಂಟು ತುಂಬುವ ಮೊದಲೇ ಶುರುವಾಗುತ್ತವೆ. ಈ ಪಾಠವನ್ನು ಹನ್ನೆರಡನೇ ತರಗತಿಗೆ ತಳ್ಳಿದರೆ ಹೊತ್ತು ಮೀರಿರುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿಯ ಮನೆಯವರು ಕೇಳಿದರು ಅಂತ ನಾನೇ ಅವಳ ಹೆಲ್ತ್ ಕ್ಲಾಸನ್ನು ಕೊನೆಯ ವರ್ಷಕ್ಕೆ ಹಾಕಿದ್ದೆ. ನಡುವೆ, ಹನ್ನೊಂದನೇ ತರಗತಿಯಲ್ಲಿ, ಅವಳ ಗೆಳತಿಯೊಬ್ಬಳು ರಾತ್ರಿ ಹೊತ್ತು ಬದುಕು ಸಾಕಾಗಿದೆ ಅಂತ ಮೆಸೇಜ್ ಕಳಿಸುತ್ತಿದ್ದಳಂತೆ. ಇವಳು ತಿಂಗಳುಗಟ್ಟಲೆ ಆ ಗುಟ್ಟನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ಗೆಳತಿಗೆ ಕೊಟ್ಟ ಮಾತು ಮುರಿಯಬಾರದು ಅಂತ. ಮುಂದಿನ ವರ್ಷ ಹೆಲ್ತ್ ಕ್ಲಾಸಿನಲ್ಲಿ, ಇಂಥ ಗುಟ್ಟನ್ನು ಇಟ್ಟುಕೊಳ್ಳಬಾರದು, ನಂಬುವ ದೊಡ್ಡವರಿಗೆ ಹೇಳಿ, 988ಕ್ಕೆ (ಆತ್ಮಹತ್ಯೆ ತಡೆಯುವ ಸಹಾಯವಾಣಿ) ಫೋನ್ ಮಾಡಿ ಅಂತ ಟೀಚರ್ ಹೇಳಿದ ದಿನ ಅವಳು ನೇರ ನನ್ನ ಕೋಣೆಗೆ ಬಂದು ಅತ್ತಳು. "ಇದು ನನಗೆ ಮೊದಲೇ ಗೊತ್ತಿರಬೇಕಿತ್ತು" ಅಂದಳು. ಗೆಳತಿ ಈಗ ಚೆನ್ನಾಗಿದ್ದಾಳೆ. ಆದರೆ ಆ ಮಧ್ಯಾಹ್ನ ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ಎರಡನೇ ಸೆಮಿಸ್ಟರ್ ಅಂದೆ. ಆಗಸ್ಟ್‌ನಲ್ಲಿ ಹೊಸ ಶಾಲೆಗೆ ಬಂದ ಮಕ್ಕಳು ಪಕ್ಕದವರ ಜೊತೆ ಮಾತಾಡುವುದೇ ಕಷ್ಟ. ಜನವರಿ ಹೊತ್ತಿಗೆ ಮುಖ ಪರಿಚಯ ಆಗಿರುತ್ತದೆ, ನಿದ್ದೆಗೆಟ್ಟು ಪರೀಕ್ಷೆ ಬರೆದ ಅನುಭವವೂ ಆಗಿರುತ್ತದೆ. ಆಗ ಪಾಠ ನಾಟುತ್ತದೆ. ಆದರೆ ಯಾವ ಸೆಮಿಸ್ಟರ್ ಅನ್ನುವುದು ಎಷ್ಟೋ ಸಲ ಶಾಲೆಯ ವೇಳಾಪಟ್ಟಿ ಹೇಳಿದಂತೆ. ಮೊದಲನೆಯದೇ ಸಿಕ್ಕಿದರೆ ಚಿಂತೆ ಬೇಡ.

ಜಿ.ಪಿ.ಎ. (ಸರಾಸರಿ ಅಂಕ) ಕೆಡುತ್ತದೆ ಅನ್ನುವ ಭಯ ಜಾಸ್ತಿ ಜನಕ್ಕಿದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಲೆಕ್ಕಕ್ಕೆ ಹಿಡಿಯುವುದು ಎ-ಜಿ ಪಟ್ಟಿಯ (ಅಲ್ಲಿನ ಪ್ರವೇಶಕ್ಕೆ ಬೇಕಾದ) ವಿಷಯಗಳನ್ನು, ಅದೂ ಒಂಬತ್ತನೇ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದನೆಯದು ಮುಗಿದ ಬೇಸಿಗೆವರೆಗಿನ ಅಂಕಗಳನ್ನು. ಒಂಬತ್ತರಲ್ಲಿ ಓದಿದ ಹೆಲ್ತ್ ಆ ಲೆಕ್ಕದೊಳಗೆ ಬರುವುದೇ ಇಲ್ಲ. ಉಳಿದರ್ಧ ವರ್ಷಕ್ಕೆ ಜೋಡಿ ಏನು ಅಂತ ಕೇಳುವವರಿಗೆ ಇನ್ನೊಂದು ವಿಷಯ. 2030-31ರಲ್ಲಿ ಹೈಸ್ಕೂಲ್ ಮುಗಿಸುವವರಿಂದ ಶುರುವಾಗಿ ಹಣಕಾಸಿನ ಅರ್ಧ ವರ್ಷದ ಪಾಠವೂ ಕಡ್ಡಾಯ. ನಿಮ್ಮ ಶಾಲೆ ಅದನ್ನು ಯಾವ ತರಗತಿಗೆ ಇಡುತ್ತದೆ ಅಂತ ವಿಚಾರಿಸಿ, ಎರಡನ್ನೂ ಒಟ್ಟಿಗೆ ಕೂರಿಸಲು ಆಗಬಹುದು.

ಆನ್‌ಲೈನ್ ಯಾಕೆ ಬೇಡ ಅನ್ನುತ್ತೇನೆ? ಹೃದಯ ನಿಂತವರನ್ನು ಉಳಿಸುವ ಸಿ.ಪಿ.ಆರ್. ಒಂದನ್ನೇ ತೆಗೆದುಕೊಳ್ಳಿ. ಹೆಲ್ತ್ ಕಡ್ಡಾಯವಿರುವ ಜಿಲ್ಲೆಯಲ್ಲಿ ಎದೆ ಒತ್ತುವ ಸಿ.ಪಿ.ಆರ್. ಕಲಿಸಲೇಬೇಕು. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ ಎರಡು ಇಂಚು ಆಳಕ್ಕೆ. ಬೊಂಬೆಯ ಎದೆ ಮೇಲೆ ಕೈಯಿಟ್ಟು ಒತ್ತಿದಾಗಲೇ ಗೊತ್ತಾಗುವುದು ಅದಕ್ಕೆ ಎಷ್ಟು ಬಲ ಬೇಕು ಅಂತ. ಲ್ಯಾಪ್‌ಟಾಪ್ ಮುಂದೆ ಕೂತು ಉತ್ತರ ಟಿಕ್ ಮಾಡಿದರೆ ಅದು ಬರುವುದಿಲ್ಲ. ಶಾಲೆ ಶುರುವಾಗುವ ಮೊದಲೇ ನಡೆಯುವ ಜೀರೋ ಪೀರಿಯಡ್ ಕೂಡ ಬೇಡ. 2022ರಿಂದ ಇಲ್ಲಿನ ಹೆಚ್ಚಿನ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕೆ ಮೊದಲು ಶುರುವಾಗುವಂತಿಲ್ಲ. ಜೀರೋ ಪೀರಿಯಡ್‌ಗೆ ಮಾತ್ರ ಆ ಕಟ್ಟು ಇಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಕಲಿಸುವ ಪಾಠಕ್ಕೆ ನಿದ್ದೆ ಬಿಟ್ಟು ಬರುವುದು ಸರಿಯಲ್ಲ.

ಲೈಂಗಿಕ ಶಿಕ್ಷಣದ ಭಾಗವನ್ನು ಬಿಡಿಸಬಹುದಾ ಅಂತ ಕೆಲವರು ಮೆಲ್ಲಗೆ ಕೇಳುತ್ತಾರೆ. ಅಪ್ಪ ಅಮ್ಮ ಬರೆದು ಕೊಟ್ಟರೆ ಆ ಭಾಗ ಬಿಡಿಸಲು ಹಕ್ಕಿದೆ. ಅದು ನಿಮ್ಮ ನಿರ್ಧಾರ. ನಮ್ಮಲ್ಲಿ ಎಷ್ಟೋ ಜನಕ್ಕೆ ಎಸ್ಸೆಸ್ಸೆಲ್ಸಿ ಓದುವಾಗ ಆ ಅಧ್ಯಾಯ ಬಂದರೆ "ಮನೆಯಲ್ಲಿ ಓದಿಕೊಳ್ಳಿ" ಅಂದಿದ್ದರು. ಮನೆಯಲ್ಲಿ ಯಾರೂ ಹೇಳಲಿಲ್ಲ. ಪತ್ರ ಬರೆಯುವ ಮುಂಚೆ ಪಾಠದ ಸಾಮಗ್ರಿಯನ್ನು ಒಂದು ಸಲ ತರಿಸಿ ನೋಡಿ. ಕೇಳಿದರೆ ಶಾಲೆ ತೋರಿಸಬೇಕು.

ಕೆಲವು ಮಕ್ಕಳಿಗೆ ನಾನೇ ಹತ್ತನೇ ತರಗತಿಗೆ ಹಾಕುತ್ತೇನೆ. ಬ್ಯಾಂಡ್‌ನಲ್ಲಿದ್ದು ಒಂಬತ್ತರಲ್ಲಿ ಒಂದು ಪೀರಿಯಡ್ಡೂ ಉಳಿಯದವರು. ಮನೆಯಲ್ಲಿ ಈಗಷ್ಟೇ ಸಾವಾಗಿ, ಅಂಥ ಮಾತು ಬಂದರೆ ಕುಗ್ಗಿಹೋಗುವವರು. ಹತ್ತು ಆಗಬಹುದು, ಹನ್ನೆರಡು ಬೇಡ.

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹನ್ನೊಂದನೇ ತರಗತಿಗೆ ನೇರವಾಗಿ ಬಂದು ಸೇರುವ ಮಕ್ಕಳಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿಂದ ತಂದ ಅಂಕಪಟ್ಟಿಯಲ್ಲಿ ಸಾಮಾನ್ಯವಾಗಿ ಹೆಲ್ತ್ ಇರುವುದಿಲ್ಲ, ಆದ್ದರಿಂದ ಕಡ್ಡಾಯವಿರುವ ಕಡೆ ಇಲ್ಲಿ ಓದಲೇಬೇಕು. ಅವರಿಗೆ ಮೊದಲ ಸೆಮಿಸ್ಟರಿಗೇ ಹಾಕಿಸಿ ಅನ್ನುತ್ತೇನೆ. ಕೆಮಿಸ್ಟ್ರಿ ಕ್ಲಾಸಿನಲ್ಲಿ ಬಾಯಿ ಬಿಡದೆ ಇಡೀ ವರ್ಷ ಕಳೆಯಬಹುದು. ಹೆಲ್ತ್‌ನಲ್ಲಿ ನಾಲ್ಕು ಜನ ಸುತ್ತ ಕೂತು ಮಾತಾಡಲೇಬೇಕು. ಹೋದ ವರ್ಷ ಹಾಗೆ ಬಂದ ಹುಡುಗನೊಬ್ಬ ಈಗ ಮಧ್ಯಾಹ್ನ ಊಟಕ್ಕೆ ಕೂರುವುದು ಆ ಗುಂಪಿನ ಜೊತೆಗೇ.