ಅರ್ಧ, ಕಾಲು, ಅರೆಕಾಲು
1890ರ ಅಮೆರಿಕ. ಜನಗಣತಿಯವನು ಒಂದು ಮನೆಯ ಹೊಸ್ತಿಲಲ್ಲಿ ನಿಂತಿದ್ದಾನೆ. ಎದುರಿಗಿರುವ ಹೆಂಗಸು ಬಿಳಿಯಳಲ್ಲ ಅಂತ ಅವನಿಗೆ ಅನ್ನಿಸುತ್ತದೆ. ಆದರೆ ಅಷ್ಟು ಬರೆದರೆ ಸಾಲದು. ಅವಳಲ್ಲಿ ಕಪ್ಪು ಜನರ ರಕ್ತ ಎಷ್ಟು ಪಾಲು ಅಂತಲೂ ಹೇಳಬೇಕು. ಎಂಟರಲ್ಲಿ ಮೂರರಿಂದ ಐದು ಪಾಲಿದ್ದರೆ ಮುಲಾಟೊ. ಕಾಲು ಪಾಲಾದರೆ ಕ್ವಾಡ್ರೂನ್. ಅರೆಕಾಲು, ಅಂದರೆ ಎಂಟನೇ ಒಂದು ಪಾಲೋ, ಬರೀ ಸುಳಿವೋ ಇದ್ದರೆ ಆಕ್ಟೊರೂನ್. ಕಣ್ಣಳತೆಯಲ್ಲಿ ಇದನ್ನೆಲ್ಲ ಹೇಳೋದು ಹೇಗೆ? ಆಗುವ ಮಾತಲ್ಲ.

ಮುಂದಿನ ಗಣತಿಗೆ ಕಾಲು, ಅರೆಕಾಲಿನ ಲೆಕ್ಕ ಕೈಬಿಟ್ಟರು. 1930ರ ಹೊತ್ತಿಗೆ ಮುಲಾಟೊ ಅನ್ನೋದೂ ಹೋಯಿತು. ಆಗ ಬಂದದ್ದು ಇನ್ನೂ ಕಠಿಣವಾದ ನಿಯಮ: ಕಪ್ಪು ರಕ್ತ ಎಷ್ಟೇ ಕಡಿಮೆ ಇರಲಿ, ಒಂದು ಹನಿ ಇದ್ದರೂ ಸರಿ, ಆ ಮನುಷ್ಯ ಕಪ್ಪು ಪಟ್ಟಿಗೆ. ಹನಿ ಲೆಕ್ಕ ಒಂದೇ ದಿಕ್ಕಿಗೆ ಹರಿಯುತ್ತಿತ್ತು ಅನ್ನೋದನ್ನು ಗಮನಿಸಿ. ಒಂದು ಹನಿ ಬಿಳಿ ರಕ್ತ ಇದ್ದವರನ್ನು ಯಾರೂ ಬಿಳಿಯರು ಅಂತ ಬರೆಯಲಿಲ್ಲ.

ಆ ಕಾಲ ಮುಗಿಯಿತಲ್ವಾ ಅಂದುಕೊಳ್ಳಬಹುದು. ಕಾಗದದ ಮೇಲೆ ಮುಗಿಯಿತು, ಕಣ್ಣಿನಲ್ಲಿ ಮುಗಿದಿಲ್ಲ. 2011ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಒಂದು ಬಿಳಿ ಮುಖವನ್ನೂ ಒಂದು ಕಪ್ಪು ಮುಖವನ್ನೂ ಕಂಪ್ಯೂಟರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ತೋರಿಸಿದರು. ಅರ್ಧಕ್ಕರ್ಧ ದಾಟಿದ ಕೂಡಲೇ ನೋಡುವವರು 'ಬಿಳಿ' ಅನ್ನಬೇಕಿತ್ತು. ಅನ್ನಲಿಲ್ಲ. ಬಿಳಿ ಪಾಲು ಶೇ. 68ರ ಹತ್ತಿರ ಬರುವ ತನಕ ಕಾದರು.

ಅದೇ ವರ್ಷ ಜೊನಾಥನ್ ಫ್ರೀಮನ್ ಮತ್ತು ಜೊತೆಗಾರರು ಮಾಡಿದ ಇನ್ನೊಂದು ಪ್ರಯೋಗ ನನ್ನನ್ನು ಜಾಸ್ತಿ ಕಾಡಿದೆ. ಇಲ್ಲೂ ಬೆರೆಸಿದ ಮುಖಗಳೇ. ಆದರೆ ಕೆಲವಕ್ಕೆ ಸೂಟು ಬೂಟಿನ ಉಡುಪು, ಕೆಲವಕ್ಕೆ ಕಸ ಗುಡಿಸುವ ಕೆಲಸಗಾರನ ಉಡುಪು. ನೋಡುವವರು ಮೌಸ್ ಸರಿಸಿ 'ಬಿಳಿ' ಅಥವಾ 'ಕಪ್ಪು' ಅನ್ನುವುದರ ಮೇಲೆ ಒತ್ತಬೇಕು. ಮುಖ ಅದೇ ಆದರೂ ಸೂಟು ಹಾಕಿದಾಗ ಬಿಳಿ ಅಂದವರು ಹೆಚ್ಚು, ಕೆಲಸಗಾರನ ಉಡುಪಿನಲ್ಲಿ ಕಪ್ಪು ಅಂದವರು ಹೆಚ್ಚು. ಮುಖ ಯಾವ ಕಡೆಗೂ ಪೂರ್ತಿ ವಾಲದೆ ಇದ್ದಾಗ ಬಟ್ಟೆಯ ಮಾತು ಇನ್ನೂ ಜೋರು. ಬಟ್ಟೆಗೆ ಮರುಳಾಗದೆ ಉತ್ತರ ಕೊಟ್ಟವರ ಕೈ ಕೂಡ ದಾರಿಯಲ್ಲಿ ತುಸು ಆ ಇನ್ನೊಂದು ಉತ್ತರದ ಕಡೆಗೆ ಬಾಗಿ, ಆಮೇಲೆ ಸರಿಯಾಗಿತ್ತು. ಮೌಸ್ ಹೋದ ಗೆರೆಯಲ್ಲಿ ಅದು ಕಾಣುತ್ತಿತ್ತು. ಬಾಯಿ ಹೇಳದ್ದನ್ನು ಕೈ ಹೇಳಿಬಿಟ್ಟಿತ್ತು.

ಹೀಗೆ ನೋಡಿ ಹೇಳುವುದನ್ನೇ ಕಾನೂನು ಮಾಡಿಕೊಂಡ ದೇಶ ದಕ್ಷಿಣ ಆಫ್ರಿಕಾ. 1950ರ ಕಾಯ್ದೆಯಂತೆ ಪ್ರತಿಯೊಬ್ಬರೂ ಒಂದು ಜನಾಂಗದ ಹೆಸರಿನಲ್ಲಿ ದಾಖಲಾಗಬೇಕು. ಯಾವ ಕಡೆ ಅಂತ ಅನುಮಾನ ಬಂದರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಜಾರಿ ಕೆಳಗೆ ಬಿದ್ದರೆ ಒಂದು ಪಟ್ಟಿ, ಗುಂಗುರು ಕೂದಲಲ್ಲಿ ನಿಂತರೆ ಇನ್ನೊಂದು. ವಾಸದ ಬೀದಿ, ಶಾಲೆ, ಮದುವೆ ಎಲ್ಲವೂ ಈ ದಾಖಲೆಯ ಮೇಲೆಯೇ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಪಟ್ಟಿಗೆ ಬಿದ್ದದ್ದುಂಟು. ಇದರಲ್ಲಿ ಜೀವವಿಜ್ಞಾನಕ್ಕೆ ಆಶ್ಚರ್ಯವೇನಿಲ್ಲ. ಬಣ್ಣ, ಕೂದಲಿನ ಗುಣ ಹಲವು ಜೀನ್‌ಗಳ ಆಟ. ಅಪ್ಪ ಅಮ್ಮನಿಂದ ಯಾವ ಮಗುವಿಗೆ ಯಾವ ಜೀನ್ ಬರುತ್ತದೆ ಅನ್ನೋದು ಪ್ರತಿ ಸಲವೂ ಬೇರೆ. ಆ ಕಾಯ್ದೆ ರದ್ದಾಗಲು 1991 ಬರಬೇಕಾಯಿತು.

ಇಷ್ಟೆಲ್ಲ ಬೇರೆಯವರು ಇಟ್ಟ ಹೆಸರಿನ ಕಥೆ. ಅವರವರನ್ನೇ ಕೇಳಿದರೆ? ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಚಿಕ್ಕಂದಿನಲ್ಲೇ ತನಗೊಂದು ಪದ ಕಟ್ಟಿಕೊಂಡಿದ್ದರು: ಕ್ಯಾಬ್ಲಿನೇಷಿಯನ್. ಬಿಳಿ, ಕಪ್ಪು, ಅಮೆರಿಕದ ಮೂಲನಿವಾಸಿ, ಏಷ್ಯಾ, ನಾಲ್ಕನ್ನೂ ಹೆಣೆದ ಪದ. ಬರಾಕ್ ಒಬಾಮ ಅವರ ತಾಯಿ ಬಿಳಿಯರು, ತಂದೆ ಕೀನ್ಯಾದವರು. 2010ರ ಗಣತಿಯಲ್ಲಿ ಎರಡು ಗುರುತು ಹಾಕುವ ಅವಕಾಶ ಇದ್ದೂ ಅವರು 'ಕಪ್ಪು' ಅನ್ನೋದಕ್ಕೆ ಮಾತ್ರ ಗುರುತು ಹಾಕಿದರು. ಒಬ್ಬರು ಒಂದೂ ಬಿಡಲಿಲ್ಲ, ಇನ್ನೊಬ್ಬರು ಒಂದನ್ನೇ ಆರಿಸಿಕೊಂಡರು. ಯಾರು ಸರಿ ಅಂತ ಕೇಳುವುದೇ ತಪ್ಪು ಅಂತ ನನಗೆ ಅನ್ನಿಸುತ್ತದೆ. ಆ ಚರ್ಮದಲ್ಲಿ ಬದುಕಿದವರು ಅವರು.

ಅಮೆರಿಕದ ಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗಕ್ಕೆ ಗುರುತು ಹಾಕಲು ಬಿಟ್ಟದ್ದೇ 2000ದಲ್ಲಿ. ಆಗ ಹಾಗೆ ಮಾಡಿದವರು ಸುಮಾರು 68 ಲಕ್ಷ. 2010ರಲ್ಲಿ 90 ಲಕ್ಷ. 2020ರಲ್ಲಿ ಒಮ್ಮೆಲೇ 3.38 ಕೋಟಿ! ಹತ್ತು ವರ್ಷದಲ್ಲಿ ಅಷ್ಟು ಮಿಶ್ರ ಜನಾಂಗದ ಮಕ್ಕಳು ಹುಟ್ಟಿರಲಿಲ್ಲ. ನಮೂನೆ ಬದಲಾಗಿತ್ತು. 'ಬಿಳಿ', 'ಕಪ್ಪು' ಅನ್ನೋದರ ಕೆಳಗೂ ಮೂಲ ಬರೆಯಲು ಜಾಗ ಕೊಟ್ಟಿದ್ದರು, ಬರೆದದ್ದನ್ನು ವಿಂಗಡಿಸುವ ರೀತಿಯೂ ಹೊಸದು. 'ಬಿಳಿ' ಅಂತ ಒಂದೇ ಗುರುತು ಹಾಕಿ, ಕೆಳಗೆ ಲ್ಯಾಟಿನ್ ಅಮೆರಿಕದ ಯಾವುದೋ ದೇಶದ ಹೆಸರು ಬರೆದವರೂ ಎರಡು ಜನಾಂಗದವರ ಲೆಕ್ಕಕ್ಕೆ ಸೇರಿದರು. ತಾನು ಮಿಶ್ರ ಅಂತ ಅವರು ಎಲ್ಲೂ ಹೇಳಿರಲಿಲ್ಲ.