ಮಗುವನ್ನು ಶಾಲೆ ಬಿಡಿಸುವ ಮುನ್ನ

ಮುಂದಿನ ವರ್ಷದ ಫೀಸಿನ ಸುತ್ತೋಲೆ ಕೈಗೆ ಬರುವ ಹೊತ್ತಿಗೆ ನನ್ನಲ್ಲಿಗೆ ಬರುವ ತಂದೆತಾಯಿಯರಲ್ಲಿ ಕೆಲವರಾದರೂ ಈ ಮಾತೆತ್ತುತ್ತಾರೆ: "ಮೇಡಂ, ಇವನನ್ನ ಸ್ಕೂಲಿಂದ ಬಿಡಿಸಿ ಮನೇಲೇ ಓದಿಸಿದ್ರೆ ಹೇಗೆ?" ಮಕ್ಕಳ ಆಪ್ತಸಮಾಲೋಚಕಿಯಾಗಿ ಬೆಂಗಳೂರಿನಲ್ಲಿ ಕೆಲಸ ಶುರುಮಾಡಿದ ದಿನಗಳಲ್ಲಿ ಈ ಪ್ರಶ್ನೆ ಅಪರೂಪವಾಗಿತ್ತು. ಕೋವಿಡ್ ನಂತರ ಹಾಗಿಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟು ಕಾಲ ಮಕ್ಕಳು ಕಲಿಯುವುದನ್ನೂ ಕಲಿಯದೇ ಉಳಿಯುವುದನ್ನೂ ಮನೆಯವರು ಹತ್ತಿರದಿಂದ ಕಂಡರು. ಶಾಲೆ ಇಲ್ಲದೆಯೂ ನಡೆಯುತ್ತದಲ್ಲ ಎಂದು ಹಲವರಿಗೆ ಅನ್ನಿಸಿತು.

ಆದರೆ ಆಗ ನಡೆದದ್ದು ಹೋಮ್‌ಸ್ಕೂಲಿಂಗ್ ಆಗಿರಲಿಲ್ಲ. ಪಾಠ, ವೇಳಾಪಟ್ಟಿ, ಪರೀಕ್ಷೆ ಎಲ್ಲವೂ ಶಾಲೆಯದೇ ಇತ್ತು, ಮಗು ಕೂತ ಜಾಗ ಮಾತ್ರ ಮನೆ. ನಿಜವಾದ ಹೋಮ್‌ಸ್ಕೂಲಿಂಗ್‌ನಲ್ಲಿ ಇವೆಲ್ಲವೂ ಮನೆಯವರ ಹೆಗಲಿಗೆ ಬೀಳುತ್ತವೆ, ಅದೂ ವರ್ಷಗಟ್ಟಲೆ. ನಾನು ಇದನ್ನು ವಿರೋಧಿಸುವವಳಲ್ಲ, ಚೆನ್ನಾಗಿ ನಡೆಸಿಕೊಂಡು ಹೋಗುತ್ತಿರುವ ಮನೆಗಳನ್ನು ಕಂಡಿದ್ದೇನೆ. ಆದರೆ ಸಿಲಬಸ್ಸು, ಮಗುವಿನ ಬುದ್ಧಿ, ಶಾಲೆಯ ದೋಷಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು, ಹಗಲಿಡೀ ಆ ಮಗುವಿನ ಜೊತೆ ಯಾರಿರುತ್ತಾರೆ ಎನ್ನುವುದನ್ನು ಮಾತ್ರ ಕಟ್ಟಕಡೆಗೆ ಯೋಚಿಸುತ್ತಾರೆ. ಹೋಮ್‌ಸ್ಕೂಲಿಂಗ್ ಕೈಹಿಡಿಯುತ್ತದೋ ಕೈಕೊಡುತ್ತದೋ ಎಂಬುದು ಬಹುಪಾಲು ಅದರ ಮೇಲೆಯೇ ನಿಂತಿದೆ.

ಅದಕ್ಕೆ ಬರುವ ಮುನ್ನ, ಬಿಡಿಸಬೇಕು ಅನ್ನಿಸಿದ್ದೇಕೆ ಎಂಬುದನ್ನು ನೋಡಬೇಕು.

ಸೋಮವಾರ ಬೆಳಗ್ಗೆ ಹೊಟ್ಟೆನೋವು, ಸ್ಕೂಲ್ ವ್ಯಾನು ಹೋದ ಅರ್ಧ ಗಂಟೆಗೆ ತಿಂಡಿ ತಿಂದು ಆಟ. ಇದನ್ನು ನಾಟಕವೆಂದು ಬೈಯಬೇಡಿ. ನೋವು ನಿಜವಾದದ್ದೇ, ಚಿಕ್ಕ ಮಕ್ಕಳಲ್ಲಿ ಆತಂಕ ಹೊಟ್ಟೆನೋವು, ತಲೆನೋವಾಗಿ ಕಾಣಿಸಿಕೊಳ್ಳುವುದು ಮಾಮೂಲು. ಇಂಥ ಮಗುವಿನ ಸಂಕಟ ನೋಡಲಾಗದೆ ಶಾಲೆ ಬಿಡಿಸುವ ನಿರ್ಧಾರಕ್ಕೆ ಬಂದವರೇ ನನ್ನಲ್ಲಿಗೆ ಹೆಚ್ಚಾಗಿ ಬರುತ್ತಾರೆ. ಅವರ ಕರುಳು ನನಗೆ ಅರ್ಥವಾಗುತ್ತದೆ. ಆದರೂ ಅವರಿಗೆ ನಾನು ಸ್ವಲ್ಪ ತಡೆಯಿರಿ ಎಂದೇ ಹೇಳುತ್ತೇನೆ. ಹೆದರಿಕೆಯ ಜಾಗದಿಂದ ತಪ್ಪಿಸಿಕೊಂಡ ಕೂಡಲೇ ಮಗುವಿಗೆ ನೆಮ್ಮದಿ ಸಿಗುತ್ತದೆ. ಅಲ್ಲಿಗೆ ಹೋಗದಿದ್ದರೆ ಮಾತ್ರ ನಾನು ಕ್ಷೇಮ ಎಂದು ಆ ನೆಮ್ಮದಿಯೇ ಅದಕ್ಕೆ ಕಲಿಸುತ್ತದೆ. ಮಾರನೇ ದಿನ ಹೆದರಿಕೆ ಇನ್ನೂ ಒಂದು ಪಾಲು ಹೆಚ್ಚು. ಮನೆಯಲ್ಲೇ ಉಳಿದಂತೆಲ್ಲ ಅದು ಶಾಲೆಯ ಗೇಟಿಗೇ ನಿಲ್ಲುವುದಿಲ್ಲ: ಸಂಗೀತದ ತರಗತಿ ಬೇಡ, ಮದುವೆ ಮನೆ ಬೇಡ, ಅಮ್ಮ ಅಂಗಡಿಗೆ ಹೋದರೂ ಕಿರಿಕಿರಿ. ಈ ಮಗುವಿಗೆ ಮೊದಲು ಬೇಕಾದದ್ದು ಆತಂಕಕ್ಕೆ ಚಿಕಿತ್ಸೆ. ದಿನಕ್ಕೆ ಎರಡು ಪೀರಿಯಡ್‌ನಿಂದ ಶುರುಮಾಡಿ ಹಂತಹಂತವಾಗಿ ಶಾಲೆಗೆ ಮರಳಿಸುವುದು, ಸೆಕ್ಷನ್ ಬದಲಿಸುವುದು, ನೆಚ್ಚಿನ ಟೀಚರ್ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳುವುದು, ಹೀಗೆ. ಹೋಮ್‌ಸ್ಕೂಲಿಂಗ್ ಯೋಚನೆ ಆಮೇಲೆ.

ಟೀಚರ್ ಹೊಡೆಯುತ್ತಾರೆ, ಎಲ್ಲರೆದುರು ಹಂಗಿಸುತ್ತಾರೆ ಎಂದಾದರೆ ಆ ಮಾತು ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಶಾಲೆಯನ್ನು ಬರವಣಿಗೆಯಲ್ಲಿ ಪ್ರಶ್ನಿಸಿ, ಜಗ್ಗದಿದ್ದರೆ ಶಾಲೆ ಬದಲಿಸಿ. ಒಂದು ಶಾಲೆಯ ಮೇಲಿನ ಸಿಟ್ಟಿಗೆ ಎಲ್ಲ ಶಾಲೆಗಳನ್ನೂ ಬಿಡುವ ಮುನ್ನ ನಿಮ್ಮ ಬಡಾವಣೆಯ ಇನ್ನೆರಡು ಶಾಲೆಗಳನ್ನು ಒಳಹೊಕ್ಕು ನೋಡಿ, ಸರ್ಕಾರಿ ಶಾಲೆಯೂ ಸೇರಿದಂತೆ.

ಇನ್ನೊಂದು ಗುಂಪಿದೆ. ಮೂರನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲಾಗದ, ಬಾಯಲ್ಲಿ ಕೇಳಿದರೆ ಪಟಪಟನೆ ಉತ್ತರ ಹೇಳುವ ಮಗು. ಶಾಲೆಯವರಿಗೆ ಹೇಳಿಕೊಡಲು ಬರುವುದಿಲ್ಲ, ನಾವೇ ಕಲಿಸುತ್ತೇವೆ ಎನ್ನುತ್ತಾರೆ ಮನೆಯವರು. ಇಲ್ಲಿ ಡಿಸ್‌ಲೆಕ್ಸಿಯಾ, ಅಂದರೆ ಓದು ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ, ಇರಬಹುದೇ ಎಂದು ಮೊದಲು ಪರೀಕ್ಷೆ ಮಾಡಿಸಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಸಿಗುತ್ತವೆ. ಇಂಥ ಮಗುವಿಗೆ ಓದು ಕಲಿಸಲು ತರಬೇತಾದ ವಿಶೇಷ ಶಿಕ್ಷಕರು ಬೇಕು. ತರಬೇತಿಯಿಲ್ಲದ ಅಮ್ಮ ದಿನವೂ ಅದೇ ಸಾಲನ್ನು ಓದಿಸಲು ಕೂತರೆ ಓದೂ ಬರುವುದಿಲ್ಲ, ಅಮ್ಮ ಮಗುವಿನ ನಡುವಿನ ಸಲಿಗೆಯೂ ಕೆಡುತ್ತದೆ.

ಇವೆರಡೂ ಅಲ್ಲದೆ ಬರುವವರು ಕಡಿಮೆ, ಆದರೆ ಇದ್ದಾರೆ. ಮಗು ಆರೋಗ್ಯವಾಗಿದೆ, ಕುತೂಹಲವಿದೆ, ದಿನಕ್ಕೆ ಎರಡು ಗಂಟೆ ಟ್ರಾಫಿಕ್‌ನಲ್ಲಿ, ಉಳಿದದ್ದು ಹೋಂವರ್ಕ್‌ನಲ್ಲಿ ಸವೆದು ಅದು ಬಾಡುತ್ತಿದೆ. ಮನೆಯವರಿಗೆ ಬೇರೆ ಬಗೆಯ ಬಾಲ್ಯ ಕೊಡುವ ಆಸೆಯಿದೆ. ಇವರ ಜೊತೆ ಮಾತ್ರ ನಾನು ಮುಂದಿನ ಪ್ರಶ್ನೆಗೆ ನೇರವಾಗಿ ಹೋಗುತ್ತೇನೆ.

ಒಂದು ಹಾಳೆ ಕೊಟ್ಟು, ಜುಲೈ ತಿಂಗಳ ಯಾವುದಾದರೂ ಮಂಗಳವಾರವನ್ನು ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗಂಟೆಗೂ ಬರೆಯಿರಿ ಎನ್ನುತ್ತೇನೆ: ಮಗು ಏನು ಮಾಡುತ್ತಿದೆ, ಜೊತೆಯಲ್ಲಿ ಯಾರಿದ್ದಾರೆ. ಗಂಡ ಹೆಂಡತಿ ಬೇರೆಬೇರೆಯಾಗಿ ಬರೆಯಬೇಕು. ಜುಲೈ ಏಕೆಂದರೆ ಬೇಸಿಗೆ ರಜೆಯ ಅನುಭವ ನಂಬುವಂಥದ್ದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಓಣಿಯ ಮಕ್ಕಳೆಲ್ಲ ಮನೆಯಲ್ಲೇ ಇರುತ್ತಾರೆ, ಅಜ್ಜಿ ಊರಿಂದ ಬಂದಿರುತ್ತಾರೆ. ಜುಲೈನಲ್ಲಿ ಅಪಾರ್ಟ್‌ಮೆಂಟಿನ ಅಂಗಳ ಬೆಳಗ್ಗೆ ಎಂಟೂವರೆಗೆ ಖಾಲಿಯಾದರೆ ಮತ್ತೆ ತುಂಬುವುದು ಸಂಜೆ ನಾಲ್ಕಕ್ಕೆ. ಹೊರಗೆ ಸೋನೆಮಳೆ ಬೇರೆ.

ಗಂಡಂದಿರ ಹಾಳೆಯಲ್ಲಿ ಅನೇಕ ಸಲ "ಓದು", "ಪ್ರಾಜೆಕ್ಟ್", "ಆಟ" ಎಂದಿರುತ್ತದೆ, ಜೊತೆಯಲ್ಲಿ ಯಾರು ಎಂಬ ಕಡೆ ಖಾಲಿ. ಹೆಂಡತಿಯ ಹಾಳೆಯಲ್ಲಿ ಆ ಜಾಗದಲ್ಲೆಲ್ಲ "ನಾನು". ಇದು ಆ ಇಬ್ಬರೂ ಎದುರುಬದುರು ಕೂತು ನೋಡಲೇಬೇಕಾದ ವ್ಯತ್ಯಾಸ. ನಮ್ಮಲ್ಲಿ ಹೋಮ್‌ಸ್ಕೂಲಿಂಗ್ ಎಂದರೆ ಬಹುತೇಕ ತಾಯಿ ಕೆಲಸ ಬಿಡುವುದು ಅಥವಾ ಇರುವ ಕೆಲಸವನ್ನು ರಾತ್ರಿಗೆ ತಳ್ಳುವುದು. ಏಳೆಂಟು ವರ್ಷದ ಮಗುವಿಗೆ ಕೂತು ಕಲಿಸುವ ಪಾಠ ಎರಡು ಮೂರು ಗಂಟೆಗಿಂತ ಹೆಚ್ಚು ಬೇಕಿಲ್ಲ, ನಿಜ. ಆದರೆ ಉಳಿದ ಹತ್ತು ಗಂಟೆ ಆ ಮಗುವಿನ ಪ್ರಶ್ನೆ, ಜಗಳ, ಬೇಜಾರು, ಊಟ, ತಿಂಡಿ ಎಲ್ಲಕ್ಕೂ ಒಬ್ಬರು ಇರಬೇಕು. ಆಕೆ ಕೆಲಸ ಬಿಟ್ಟರೆ ಸಂಬಳ ಹೋಗುತ್ತದೆ, ಮರಳಿ ಸೇರುವುದು ವರ್ಷ ಕಳೆದಂತೆ ಕಷ್ಟವಾಗುತ್ತದೆ, ಮಗು ಓದಿನಲ್ಲಿ ಹಿಂದೆ ಬಿದ್ದರೆ ಅತ್ತೆ ಮಾವನಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರೂ ಬೆರಳು ತೋರಿಸುವುದು ಆಕೆಯ ಕಡೆಗೇ. ತಂದೆ ವಾರದಲ್ಲಿ ಎರಡು ಹಗಲನ್ನಾದರೂ ಪೂರ್ತಿ ವಹಿಸಿಕೊಳ್ಳದ ಮನೆಗೆ ನಾನು ಹೋಮ್‌ಸ್ಕೂಲಿಂಗ್ ಸಲಹೆ ಕೊಡುವುದಿಲ್ಲ. ಕೆಲವು ಗಂಡಸರಿಗೆ ಇದು ಕಟುವಾಗಿ ಕೇಳಿಸುತ್ತದೆ. ಎರಡನೇ ವರ್ಷಕ್ಕೆ ದಣಿದು, ನಿದ್ದೆಗೆಟ್ಟು, ಮಗುವಿನ ಮೇಲೆ ರೇಗಿ ಆಮೇಲೆ ತಾನೇ ಅಳುವ ತಾಯಂದಿರನ್ನು ಕಂಡು ಹೇಳುತ್ತಿರುವ ಮಾತಿದು.

ಕಾನೂನಿನ ಬಗ್ಗೆ ಸಂಕ್ಷೇಪವಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ 10ನೇ ಕಲಂ. ಆ ಕರ್ತವ್ಯ ಮೀರಿದ ಪೋಷಕರಿಗೆ ಕಾಯ್ದೆಯಲ್ಲಿ ದಂಡನೆ ಇಲ್ಲ. ಹೋಮ್‌ಸ್ಕೂಲಿಂಗ್ ಎಂಬ ವರ್ಗವೂ ಅದರಲ್ಲಿಲ್ಲ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಕ್ಕಳಿಗೆ ಮಾತ್ರ 2012ರ ತಿದ್ದುಪಡಿ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಕೊಟ್ಟಿದೆ. ಹಾಗಾಗಿ ಉಳಿದವರು ಸರ್ಕಾರದ ಲೆಕ್ಕದಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳಾಗಿಯೇ ಕಾಣಬಹುದು. ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಿಂದ ವಿಚಾರಣೆ ಬಂದರೆ ಅಂಜಬೇಕಾಗಿಲ್ಲ, ಆದರೆ ಮಗು ಕಲಿತದ್ದರ ದಾಖಲೆ, ನೋಟ್‌ಬುಕ್ಕು, ಮಾಡಿದ ಕೆಲಸಗಳ ಫೋಟೊಗಳನ್ನು ವರ್ಷವಾರು ಜೋಡಿಸಿಟ್ಟಿರಿ.

ಪರೀಕ್ಷೆಯ ವಿಷಯ ಇದಕ್ಕಿಂತ ತೂಕದ್ದು. ಹೋಮ್‌ಸ್ಕೂಲಿಂಗ್ ಮಾಡುವವರು ಸಾಮಾನ್ಯವಾಗಿ ನೆಚ್ಚಿಕೊಳ್ಳುವುದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 14 ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಬಹುದು. ಐದು ವಿಷಯ ಪಾಸಾದರೆ ಸಾಕು, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ವರ್ಷಕ್ಕೆರಡು ಸಲ ಪರೀಕ್ಷೆ, ಐದು ವರ್ಷದೊಳಗೆ ಒಂಬತ್ತು ಅವಕಾಶ. ಒತ್ತಡ ತಾಳದ ಮಕ್ಕಳಿಗೆ ಇದು ದೊಡ್ಡ ನೆಮ್ಮದಿ. ಆದರೆ ವಿಷಯ ಆಯ್ಕೆಯ ಸ್ವಾತಂತ್ರ್ಯದಲ್ಲಿ ಗಣಿತವನ್ನೋ ವಿಜ್ಞಾನವನ್ನೋ ಕೈಬಿಟ್ಟ ಮಗುವಿಗೆ ಮುಂದೆ ಪಿಯುಸಿಯಲ್ಲಿ ವಿಜ್ಞಾನ ಬೇಕೆನಿಸಿದರೆ ತೊಡಕಾಗುತ್ತದೆ.

ಇದೆಲ್ಲ ಗೊತ್ತಿರುವವರೂ ಮರೆಯುವ ಒಂದು ನಿಯಮ ಸಿಇಟಿಯದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ಸರ್ಕಾರಿ ಸೀಟಿಗೆ ಕನ್ನಡಿಗರ ಮಕ್ಕಳು ಹೆಚ್ಚಾಗಿ ಅರ್ಹರಾಗುವುದು, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳಲ್ಲಿ ಓದಿದ ಆಧಾರದ ಮೇಲೆ. ಎರಡನೇ ತರಗತಿ ಮುಗಿಸಿ ಮನೆಯಲ್ಲಿ ಉಳಿದು ನೇರವಾಗಿ ಪಿಯುಸಿಗೆ ಸೇರಿದ ಮಗುವಿಗೆ ನಾಲ್ಕೇ ವರ್ಷವಾಗುತ್ತದೆ. ಬೆಂಗಳೂರಲ್ಲೇ ಹುಟ್ಟಿ ಬೆಳೆದರೂ ಆ ಲೆಕ್ಕ ತುಂಬುವುದಿಲ್ಲ. ತಂದೆ ಅಥವಾ ತಾಯಿ ಇಲ್ಲೇ ಓದಿದವರಾದರೆ ಸಿಗುವ ದಾರಿಯೂ ಸೇರಿದಂತೆ ಬೇರೆ ಷರತ್ತುಗಳಿವೆ. ಪ್ರಾಧಿಕಾರದ ಮಾಹಿತಿ ಪುಸ್ತಕ ತೆಗೆದು ಯಾವ ಷರತ್ತಿನಡಿ ನಿಮ್ಮ ಮಗು ಬರಬಹುದು ಎಂದು ಈಗಲೇ ನೋಡಿ. ಏಳು ವರ್ಷದ ಮಗುವಿನ ಬಗ್ಗೆ ಮಾತಾಡುವಾಗ ಸಿಇಟಿ ಯಾಕೆ ಎಂದು ಕೆಲವರು ಕೇಳುತ್ತಾರೆ. ಆ ಬಾಗಿಲು ಬೇಡವೆಂದು ನಿರ್ಧರಿಸುವ ಹಕ್ಕು ಹದಿನೇಳರ ಆ ಹುಡುಗ ಅಥವಾ ಹುಡುಗಿಗೆ ಉಳಿಯಬೇಕು, ಅದಕ್ಕೆ.

ಗೆಳೆತನದ ಚಿಂತೆ ಎಲ್ಲರೂ ಮೊದಲು ಎತ್ತುವುದು. ಆರೇಳು ವರ್ಷಕ್ಕೆ ನನಗೆ ಅದು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಸಂಜೆ ನಾಲ್ಕರಿಂದ ಆರರವರೆಗೆ ಓಣಿಯ ಮಕ್ಕಳ ಜೊತೆ ಆಡಿದರೆ ಸಾಕು. ಹನ್ನೆರಡು ದಾಟಿದ ಮೇಲೆ ಮಾತ್ರ, ತಂದೆತಾಯಿಯ ಕಣ್ಣಿಗೆ ಬೀಳದ ಒಂದು ಲೋಕ ಮಕ್ಕಳಿಗೆ ಬೇಕೇ ಬೇಕು. ಜಗಳವಾಡಿ ತಾವೇ ರಾಜಿಯಾಗಲು, ಇನ್ನೊಬ್ಬ ದೊಡ್ಡವರನ್ನು ಮೆಚ್ಚಲು, ಮನೆಯವರ ಬಗ್ಗೆ ದೂರಲು ಕೂಡ. ಕಬಡ್ಡಿ ತಂಡವೋ ಯಕ್ಷಗಾನದ ತರಗತಿಯೋ, ವಾರಕ್ಕೆ ನಾಲ್ಕು ದಿನವಾದರೂ ನೀವಿಲ್ಲದೆ ಅವರು ಹೋಗುವ ಜಾಗವೊಂದು ಆ ಹೊತ್ತಿಗೆ ಗಟ್ಟಿಯಾಗಿರಬೇಕು. ಜೊತೆಗೆ ಕನ್ನಡ. ಬೆಂಗಳೂರಿನಲ್ಲಿ ನಾನು ಕಂಡ ಹೋಮ್‌ಸ್ಕೂಲಿಂಗ್ ಕುಟುಂಬಗಳು ಒಟ್ಟಾಗಿ ಸೇರಿದಾಗ ಮಕ್ಕಳ ಮಾತೆಲ್ಲ ಇಂಗ್ಲಿಷ್‌ನಲ್ಲೇ. ಶಾಲೆಯಲ್ಲಿ ಎರಡನೇ ಭಾಷೆಯಾಗಿಯಾದರೂ ಕಾಗುಣಿತ, ಒತ್ತಕ್ಷರ ಕೈಗೆ ಹತ್ತುತ್ತಿತ್ತು. ಮನೆಯಲ್ಲಿ ಮಾತಾಡುತ್ತೇವಲ್ಲ ಎಂದುಕೊಂಡರೆ ಹತ್ತು ವರ್ಷಕ್ಕೆ ಕನ್ನಡ ಮಾತಾಡುವ, ಆದರೆ ಬಸ್ಸಿನ ಬೋರ್ಡು ಓದಲಾಗದ ಮಗು ತಯಾರಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಕನ್ನಡ ಓದು, ಬರಹ ತಪ್ಪಿಸಬೇಡಿ.

ಇಷ್ಟೆಲ್ಲ ಆದ ಮೇಲೂ ಮನಸ್ಸು ಗಟ್ಟಿಯಿದ್ದರೆ ಧೈರ್ಯವಾಗಿ ಶುರುಮಾಡಿ, ನಾನು ಜೊತೆಗಿರುತ್ತೇನೆ ಎನ್ನುತ್ತೇನೆ. ಒಂದು ವರ್ಷಕ್ಕೆಂದು ನಿರ್ಧರಿಸಿ, ಜನ್ಮಕ್ಕೆಂದಲ್ಲ. ಟಿಸಿ, ಅಂಕಪಟ್ಟಿ, ಸ್ಯಾಟ್ಸ್ ಸಂಖ್ಯೆ (ರಾಜ್ಯದ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಭದ್ರವಾಗಿಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಮಗುವನ್ನೂ ಕೂರಿಸಿಕೊಂಡು ಮಾತಾಡಿ. ಮರಳಬೇಕೆನಿಸಿದರೆ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ. ಎಂಟನೇ ತರಗತಿಯವರೆಗೆ ಈ ಹಾದಿ ಸಲೀಸು. ಸಿಬಿಎಸ್‌ಇಯಂಥ ಬೋರ್ಡುಗಳಲ್ಲಿ ಒಂಬತ್ತಕ್ಕೇ ಹತ್ತರ ಪರೀಕ್ಷೆಯ ನೋಂದಣಿ ಶುರುವಾಗುವುದರಿಂದ ಆಮೇಲೆ ಶಾಲೆಗಳು ಹಿಂಜರಿಯುತ್ತವೆ. ಆದ್ದರಿಂದ ಮಗು ಏಳನೇ ತರಗತಿಯ ವಯಸ್ಸಿಗೆ ಬಂದಾಗ ಇನ್ನೊಮ್ಮೆ ಕೂತು, ಆ ಹಾಳೆಯನ್ನು ಹೊಸದಾಗಿ ಬರೆಯಿರಿ. ಈ ಸಲ ಮೂರು ಹಾಳೆ. ಮೂರನೆಯದು ಮಗುವಿನದು.