ಗ್ರೂಪಿನಲ್ಲಿ ನನ್ನ ಮರ್ಯಾದೆ ತೆಗೆದವರ ಬಳಿಗೆ ನಾನೇ ಹೋಗಬೇಕಾ?

ಪ್ರಶ್ನೆ: ನಮ್ಮ ಚರ್ಚಿನ ಹಾರ್ವೆಸ್ಟ್ (ಸುಗ್ಗಿ) ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಬೆಳೆಗಳ ಹರಾಜಿನ ಲೆಕ್ಕ ನನ್ನ ಕೈಯಲ್ಲಿತ್ತು. ಸಭೆಯ ಹಿರಿಯರೊಬ್ಬರು ವಾಟ್ಸಾಪ್ ಗ್ರೂಪಿನಲ್ಲಿ "ದುಡ್ಡು ಎಲ್ಲಿ ಹೋಯಿತೋ ದೇವರಿಗೇ ಗೊತ್ತು" ಎಂದು ಬರೆದರು. ಅಲ್ಲೇ ಉತ್ತರ ಕೊಡಲಾ, ಅಯ್ಯನವರಿಗೆ (ಸಭಾಪಾಲಕರಿಗೆ) ದೂರು ಹೇಳಲಾ, ಇಲ್ಲ ಕ್ಷಮಿಸಿ ಸುಮ್ಮನಿರಲಾ?

ಉತ್ತರ: ಸದ್ಯಕ್ಕೆ ಮೂರೂ ಬೇಡ. ಮೊದಲು ಅವರ ಬಳಿಗೆ ಒಬ್ಬರೇ ಹೋಗಿ. ಮತ್ತಾಯ 18:15-17ರಲ್ಲಿ ಯೇಸು ಹೇಳಿದ ಕ್ರಮ ಅದೇ: ಮೊದಲು ಇಬ್ಬರೇ ಇರುವಾಗ, ಕೇಳದಿದ್ದರೆ ಒಬ್ಬಿಬ್ಬರ ಜೊತೆ, ಆಮೇಲೆ ಸಭೆಗೆ. ನಮ್ಮಲ್ಲಿ ಇದು ತಲೆಕೆಳಗು. ಊರಿಗೆಲ್ಲ ಗೊತ್ತಾದ ಮೇಲೆ ಸಂಬಂಧಪಟ್ಟವರ ಕಿವಿಗೆ ಬೀಳುತ್ತದೆ.

"ತಪ್ಪು ಅವರದು, ನಾನೇಕೆ ಹೋಗಲಿ?" ಅನ್ನಿಸುವುದು ಸಹಜ. ಆದರೆ ನೋಯಿಸಿದವರಿಗೂ ವಿನಾಯಿತಿ ಇಲ್ಲ. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು ಎನ್ನುತ್ತದೆ ಮತ್ತಾಯ 5:23-24. ಇಬ್ಬರೂ ಹೊರಟು ದಾರಿಯಲ್ಲೇ ಎದುರಾದರೆ ಇನ್ನೂ ಒಳ್ಳೆಯದು! ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆರಾಧನಾ ಕ್ರಮದಲ್ಲಿ ಕರ್ತನ ಭೋಜನದ ದಿನ ಒಬ್ಬರಿಗೊಬ್ಬರು ಕೈ ನೀಡುವ ಶಾಂತಿ ವಂದನೆ ಕಾಣಿಕೆಗಿಂತ ಮುಂಚೆ ಬರುವುದನ್ನು ಗಮನಿಸಿ. ಆ ಹೊತ್ತಿಗೆ ಒಬ್ಬರ ಕೈ ತಪ್ಪಿಸಿ ಪಕ್ಕದ ಬೆಂಚಿಗೆ ತಿರುಗುವವರು "ನಾನು ಕ್ಷಮಿಸಿದ್ದೇನೆ" ಎಂದರೆ ನಂಬುವುದು ಕಷ್ಟ.

ಹೋಗುವುದು ಹೇಗೆ? ಭಾನುವಾರ ಆರಾಧನೆ ಮುಗಿದು ಗೇಟಿನ ಹತ್ತಿರ ಹಿಡಿಯಬೇಡಿ. ನಾಲ್ಕು ಜನ ನೋಡುತ್ತಿದ್ದರೆ ಯಾರೂ ತಪ್ಪು ಒಪ್ಪುವುದಿಲ್ಲ. ಎರಡು ಮೂರು ದಿನದೊಳಗೆ ಫೋನ್ ಮಾಡಿ, "ಅಣ್ಣಾ, ಹತ್ತು ನಿಮಿಷ ನಿಮ್ಮ ಹತ್ತಿರ ಮಾತಾಡಬೇಕಿತ್ತು" ಎನ್ನಿ. ವಿಷಯವನ್ನು ಫೋನಿನಲ್ಲಿ ಬಿಚ್ಚಬೇಡಿ. ರಸೀದಿ ಪುಸ್ತಕ, ಹರಾಜಿನ ಪಟ್ಟಿ ಜೊತೆಗಿರಲಿ, ಆದರೆ ಚೀಲದಲ್ಲಿರಲಿ. ಮೊದಲು ಕೇಳಿ: "ಲೆಕ್ಕದಲ್ಲಿ ನಿಮಗೆ ಯಾವುದು ಸರಿ ಕಾಣಲಿಲ್ಲ?" ಹರಾಜಿನಲ್ಲಿ ಕುಂಬಳಕಾಯಿ ಕೂಗಿದವರು ಇನ್ನೂ ದುಡ್ಡು ಕೊಡದೆ ಬಾಕಿ ಉಳಿದಿರಬಹುದು, ನೀವು ಅದನ್ನು ಬರೆಯಲು ಮರೆತಿರಬಹುದು. ಹಾಗಿದ್ದರೆ ಅಲ್ಲೇ ಒಪ್ಪಿಕೊಳ್ಳಿ. ಆಮೇಲೆ ನಿಮ್ಮ ಮಾತು: "ನೀವು ಬರೆದಿದ್ದನ್ನು ಓದಿದವರು ನಾನು ದುಡ್ಡು ತಿಂದೆ ಅಂದುಕೊಂಡರು. ನನಗೆ ತುಂಬಾ ನೋವಾಯಿತು." ಇಷ್ಟೇ ಸಾಕು. ಐದು ವರ್ಷದ ಹಿಂದಿನ ಕ್ವಾಯರ್ ಜಗಳ ತೆಗೆದರೆ ಕೆಲಸ ಕೆಟ್ಟಿತು.

"ಅವರು ಬಹಿರಂಗವಾಗಿ ಅಂದರು, ನಾನೂ ಬಹಿರಂಗವಾಗಿಯೇ ಉತ್ತರಿಸುತ್ತೇನೆ" ಎನ್ನುವವರು ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರೆದುರು ಖಂಡಿಸಿದ್ದನ್ನು (ಗಲಾತ್ಯ 2) ತೋರಿಸುತ್ತಾರೆ. ಅಲ್ಲಿ ಪೇತ್ರ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದ, ಬಾರ್ನಬನೂ ಅವನ ಹಿಂದೆ ಹೋಗಿದ್ದ. ಪ್ರಶ್ನೆಯಾಗಿದ್ದದ್ದು ಸುವಾರ್ತೆ, ಪೌಲನ ಮರ್ಯಾದೆಯಲ್ಲ.

ಮೊದಲ ಭೇಟಿ ಫಲಿಸದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಿ. ನಿಮ್ಮ ಭಾವಮೈದುನ ಬೇಡ. ಅವರೂ ಗೌರವಿಸುವ ಒಬ್ಬರು ಬೇಕು, ನಿಮಗೂ "ಇದು ನಿನ್ನದೇ ತಪ್ಪು" ಎನ್ನುವ ಧೈರ್ಯವಿರುವವರು. ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಸ್ತ್ರೀಯರಿಗೆ ಮನಸ್ತಾಪವಾದಾಗ ಪೌಲ ಹೀಗೇ ಒಬ್ಬ ಜೊತೆಗಾರನ ನೆರವು ಕೇಳಿದ (ಫಿಲಿಪ್ಪಿ 4:2-3). ಅದೂ ಆಗದಿದ್ದರೆ ಸಭಾಪಾಲಕರಿಗೂ ಕಮಿಟಿಗೂ ಒಂದೇ ಪುಟದಲ್ಲಿ ಬರೆದುಕೊಡಿ: ತಾರೀಖು, ಬರೆದ ಮಾತು, ಲೆಕ್ಕದ ಪ್ರತಿ.

ಕೊನೆಗೂ ಕೇಳದವನು "ಸುಂಕದವನಂತೆ" (ಆ ಕಾಲದಲ್ಲಿ ಜನ ದೂರವಿಡುತ್ತಿದ್ದ ತೆರಿಗೆ ವಸೂಲಿಗಾರನಂತೆ) ಇರಲಿ ಎಂಬ ಮತ್ತಾಯ 18:17ರ ಮಾತನ್ನು ಹಿಡಿದು ಮದುವೆ, ಸಾವಿಗೂ ಹೋಗದೆ ಬಹಿಷ್ಕರಿಸುವವರಿದ್ದಾರೆ. ಆ ಸುವಾರ್ತೆಗೆ ಹೆಸರು ಕೊಟ್ಟ ಮತ್ತಾಯನೇ ಸುಂಕದವನು, ಯೇಸು ಊಟಕ್ಕೆ ಕೂತದ್ದು ಅಂಥವರ ಜೊತೆಗೇ.

ಒಂದು ಎಚ್ಚರಿಕೆ. ಹೊಡೆತ, ಲೈಂಗಿಕ ಕಿರುಕುಳದಂಥ ವಿಷಯದಲ್ಲಿ ನೊಂದವರನ್ನು "ಒಬ್ಬರೇ ಹೋಗಿ ಮಾತಾಡು" ಎಂದು ಕಳಿಸಬಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಭೆಯೊಳಗೇ ರಾಜಿ ಮಾಡಿ ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098.

ನಿಮ್ಮ ವಿಷಯಕ್ಕೆ ಬಂದರೆ, ಮಾತು ಸರಿಹೋದ ಮೇಲೂ ಗ್ರೂಪಿನಲ್ಲಿ ಹಳೆಯ ಸಾಲು ಹಾಗೇ ಉಳಿದಿರುತ್ತದೆ. ಅವರ ಮನೆಯಿಂದ ಏಳುವ ಮುಂಚೆಯೇ ಅದನ್ನು ಕೇಳಿ. "ಲೆಕ್ಕ ನೋಡಿದೆ, ಸರಿಯಾಗಿದೆ, ನಾನು ಆತುರಪಟ್ಟು ಬರೆದೆ" ಎಂದು ಅವರೇ ಬರೆಯಲಿ. ಕೆಳಗೆ ನೀವು "ವಂದನೆಗಳು ಅಣ್ಣಾ" ಎಂದಷ್ಟೇ ಹಾಕಿ, ಹರಾಜಿನ ಪಟ್ಟಿಯ ಫೋಟೊ ಸೇರಿಸಿ.